ಉಪವಾಸದ ಮರುದಿನದ ಕೆಂಪು

1961ರಲ್ಲಿ, ಏಳನೇ ಕ್ಲಾಸು ಮುಗಿಸಿ, ನಾನು ಶಾಲೆ ಬಿಟ್ಟೆ. ಸಿರುಗುಪ್ಪದ ಅಕ್ಕಿ ಮಿಲ್ಲಿನಲ್ಲಿ ಬಾಯ್ಲರಿಗೆ ಹೊಟ್ಟು ತುಂಬುವ ಕೆಲಸಕ್ಕೆ ಸೇರಿದವನು, ದುಡಿದು ದುಡಿದು ಅದೇ ಬಾಯ್ಲರಿನ ಮೇಸ್ತ್ರಿಯಾದೆ. ಕಲಿತವರು ಮಾಡುವ ಕೆಲಸ ಯಾವುದೇ ಇರಲಿ, ನಾನೂ ಮಾಡಿ ತೋರಿಸಬೇಕು ಎಂಬ ಹಟ. ಹಾಗಾಗಿ, ಎಪ್ಪತ್ತರ ದಶಕದ ಕೊನೆಗೆ ಅವ್ವನಿಗೆ ಸಕ್ಕರೆ ಕಾಯಿಲೆ ಎಂದು ಬಳ್ಳಾರಿಯ ಡಾಕ್ಟರು ಹೇಳಿದಾಗ, ಪರೀಕ್ಷೆ ಮಾಡುವುದನ್ನು ನನಗೇ ಕಲಿಸಿಕೊಡಿ ಎಂದೆ.

ಗಾಜಿನ ನಳಿಗೆಯಲ್ಲಿ ನೀಲಿ ಔಷಧಿ, ಅದಕ್ಕೆ ಕೆಲವು ಹನಿ ಮೂತ್ರ, ಸ್ಪಿರಿಟ್ ದೀಪದ ಮೇಲೆ ಕಾಸುವುದು. ನೀಲಿ ಹಾಗೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ, ಇಟ್ಟಿಗೆಯ ಕೆಂಪಾದರೆ ಬಹಳ. ದಿನಾ ಬೆಳಿಗ್ಗೆ ಹಿತ್ತಲಲ್ಲಿ ಕೂತು ಕಾಸುತ್ತಿದ್ದೆ. ಓಣಿಯವರು “ಏನಪ್ಪಾ, ಡಾಕ್ಟ್ರು ಆದಿ?” ಅಂದರೆ ಎದೆ ಉಬ್ಬುತ್ತಿತ್ತು.

ಅವ್ವನಿಗೆ ಅನ್ನ ಕಡಿಮೆ ಮಾಡಿಸಿದೆ, ಬೆಲ್ಲ ಬಿಡಿಸಿದೆ, ಮಾತ್ರೆ ತಪ್ಪಿಸಲಿಲ್ಲ. ಆದರೂ ಬೆಳಗಿನ ಬಣ್ಣ ಕೆಂಪೇ. ಕದ್ದು ತಿನ್ನುತ್ತಾಳೆ ಎಂದು ನಾನೇ ತೀರ್ಮಾನಿಸಿ, ಅಡುಗೆಮನೆಯ ಕಪಾಟಿಗೆ ಬೀಗ ಜಡಿದು, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡೆ.

ಆ ವರ್ಷದ ಶಿವರಾತ್ರಿಗೆ, ನಾನು ಬೇಡವೆಂದರೂ ಅವ್ವ ಉಪವಾಸ ಹಿಡಿದಳು. ಹಣ್ಣೂ ಇಲ್ಲ, ನೀರು ಮಾತ್ರ. ಮರುದಿನ ಬೆಳಿಗ್ಗೆ, ಅವಳು ಉಪವಾಸ ಬಿಡುವ ಮೊದಲೇ ನಳಿಗೆ ಕಾಸಿದೆ. ಹಸಿರಾಯಿತು, ಹಳದಿಯಾಯಿತು, ಕಣ್ಣೆದುರೇ ಕೆಂಪಾಯಿತು.

“ಉಪವಾಸ ಅಂತ ಹೇಳಿ ಏನ್ ತಿಂದಿಬೇ?”

“ಏನೂ ತಿಂದಿಲ್ಲೋ ಎಪ್ಪಾ.”

“ಹಂಗಾರ ಇದು ಎಲ್ಲಿಂದ ಬಂತು, ಮುಗಿಲಿಂದ ಉದುರಿತೇನು?”

ಅವ್ವ ಕೊರಳಲ್ಲಿದ್ದ ಲಿಂಗವನ್ನು ಅಂಗೈಯಲ್ಲಿ ಹಿಡಿದಳು. “ಇದರ ಮ್ಯಾಲ ಆಣಿ. ನೀರು ಬಿಟ್ಟು ಏನೂ ಮುಟ್ಟಿಲ್ಲ.”

“ನಳಗಿ ಸುಳ್ಳು ಹೇಳಂಗಿಲ್ಲ,” ಎಂದೆ.

ಲಿಂಗ ಹಿಡಿದು ಆಡಿದ ಮಾತನ್ನು ನಮ್ಮಲ್ಲಿ ಹೊರಗಿನವರೂ ತಿರುಗಿ ಪ್ರಶ್ನಿಸುವುದಿಲ್ಲ. ಹೊಟ್ಟೆಯಲ್ಲಿ ಹುಟ್ಟಿದ ಮಗ ನಾನೇ ಪ್ರಶ್ನಿಸಿದ್ದೆ. ಅವ್ವ ಕುರುಗೋಡಿನಲ್ಲಿದ್ದ ತನ್ನ ತಮ್ಮನ ಮನೆಗೆ ಬಸ್ಸು ಹತ್ತಿದಳು.

ನಾನು ದೂರು ಹೇಳಲು ಬಳ್ಳಾರಿಗೆ ಹೋದೆ. ಡಾಕ್ಟರು ಎಲ್ಲ ಕೇಳಿ, “ಮಿಲ್ಲಿನಾಗ ಏನ್ ಕೆಲಸ ನಿನಗ?” ಎಂದರು.

“ಬಾಯ್ಲರ್ ನೋಡ್ಕೊಂತೀನ್ರಿ.”

“ಭತ್ತ ಬೆಂದೈತಿ, ಬೆಂಕಿ ನಿಲ್ಸು ಅಂತ ಕೂಗಿದ್ದು ನಿನಗ ಕೇಳದಿದ್ರ?”

“ಹೊಟ್ಟು ಹಾಕ್ಕೋಂತನ ಇರ್ತೀನ್ರಿ.”

“ನಿಮ್ಮವ್ವನ ಲಿವರ್ರೂ ಹಂಗ. ಊಟ ಇಲ್ಲದಾಗ ಎಲ್ಲಾರ ಲಿವರ್ರೂ ತಾನ ಸಕ್ಕರಿ ಮಾಡತೈತಿ. ಸಾಕು ಅಂತ ಹೇಳೋದು ಇನ್ಸುಲಿನ್. ಆಕಿ ಲಿವರ್ರಿಗೆ ಅದು ಕೇಳವಲ್ದು. ಆಕಿ ತಿಂದಿಲ್ಲಪ್ಪಾ. ಉಪವಾಸನೂ ಆಕಿಗೆ ಒಳ್ಳೇದಲ್ಲ, ನಿನ್ನ ಬೈಗಳನೂ ಒಳ್ಳೇದಲ್ಲ.”

ಬಹಳ ವರ್ಷಗಳ ನಂತರ, ಜೀವಶಾಸ್ತ್ರ ಓದುತ್ತಿದ್ದ ಮೊಮ್ಮಗಳು ಇದರ ಒಳಗುಟ್ಟು ಹೇಳಿದಳು. ಸಕ್ಕರೆ ಮಾಡುವ ವಿಧಾನ ಜೀವಕೋಶದ ಜೀನುಗಳಲ್ಲಿ ಬರೆದಿಟ್ಟಂತೆ ಇರುತ್ತದಂತೆ. ಸುಮ್ಮನೆ ಬರೆದಿದ್ದರಾಗದು, ಅದನ್ನು ಓದಿಸಬೇಕು. ಓದಿಸುವ ಪ್ರೋಟೀನುಗಳೇ ಬೇರೆ; ಹಸಿದಾಗ ಅವು ಆ ಜೀನುಗಳ ಮಗ್ಗುಲಲ್ಲಿ ಹೋಗಿ ಕೂರುತ್ತವೆ. ಉಂಡಾಗ ಇನ್ಸುಲಿನ್ ಬಂದು, ಅಂಥ ಒಂದು ಪ್ರೋಟೀನನ್ನು ಜೀವಕೋಶದಲ್ಲಿ ಜೀನುಗಳಿರುವ ನಡುಮನೆಯಿಂದ ಹೊರಗೆ ಹಾಕುತ್ತದೆ. ಅವ್ವನ ಲಿವರಿನಲ್ಲಿ ಅದು ಕೂತಲ್ಲೇ ಕೂತು ಸಕ್ಕರೆ ಮಾಡಿಸುತ್ತಿತ್ತು. ಕಪಾಟಿಗೆ ಹಾಕಿದ ಬೀಗ ಅದಕ್ಕೇನು ಮಾಡೀತು?

ಅಂದು ಬಳ್ಳಾರಿಯಿಂದ ನೇರ ಕುರುಗೋಡಿಗೆ ಹೋದೆ. ಅವ್ವ ಕಟ್ಟೆಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದಳು. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿ, ಉಡಿದಾರದ ಕೀಲಿ ಬಿಚ್ಚಿ ಅವಳ ಮುಂದಿಟ್ಟೆ. ಮುಟ್ಟಲಿಲ್ಲ.

“ಲಿಂಗ ಹಿಡದು ಹೇಳಿದ್ನಲ್ಲೋ. ಡಾಕ್ಟ್ರು ಹೇಳಿದ ಮ್ಯಾಲ ನಂಬಿದಿ.”

“ತಪ್ಪಾತಬೇ.”

“ಕೀಲಿ ನಿನ್ನ ಕಡೇನ ಇರ್ಲಿ. ನಾಳಿ ಮತ್ತ ಕೆಂಪಾದ್ರ ನನ್ನ ಮಕ ನೋಡ್ತಿ.”

ಮನೆಗೇನೋ ಬಂದಳು. ಬೀಗ ಕಿತ್ತುಹಾಕಿದೆ. ಆದರೆ ಬದುಕಿರುವವರೆಗೂ ಅವ್ವ ಆ ಕಪಾಟನ್ನು ತಾನಾಗಿ ತೆರೆಯಲಿಲ್ಲ. ಚಿಟಿಕೆ ಉಪ್ಪು ಬೇಕಾದರೂ ನನ್ನ ಹೆಂಡತಿಯನ್ನು ಕೂಗುತ್ತಿದ್ದಳು. ನಾನು ಮನೆಯಲ್ಲಿದ್ದರೆ, ಸ್ವಲ್ಪ ಗಟ್ಟಿಯಾಗಿಯೇ ಕೂಗುತ್ತಿದ್ದಳು.

ಈಗ ನನಗಿರುವುದು ಸಿರುಗುಪ್ಪದಲ್ಲಿ ಒಂದು ಮನೆ, ಇಬ್ಬರು ಮಕ್ಕಳು, ಮೂವರು ಮೊಮ್ಮಕ್ಕಳು, ಅವ್ವನದೇ ಕಾಯಿಲೆ, ಬೀಗವಿಲ್ಲದ ಒಂದು ಕಪಾಟು.