ಚೌತಿ ಮೇಜಿನ ಹಸಿರು ಸೀರೆ

ಬಿಸಿಲಿಗೆ ಹಾಕಿದ ಹಳೆ ಗೋದಡಿಯಿಂದ ನುಸಿಗುಳಿಗೆಯ ವಾಸನೆ ಬಂತು. ಚಿಕ್ಕಮ್ಮ ನೆನಪಾದಳು.

ಚೌತಿಗೆ ಗಣಪತಿ ಕೂರಿಸುವ ಮೇಜಿಗೆ ಅಮ್ಮ ಪ್ರತಿವರ್ಷ ತನ್ನ ಹಸಿರು ಸೀರೆಯನ್ನೇ ನೆರಿಗೆ ಹಿಡಿದು ಸುತ್ತುತ್ತಿದ್ದಳು. ಅಮ್ಮ ತೀರಿಕೊಂಡು ವರ್ಷ ಕಳೆದ ಮೇಲೆ ಬಂದ ಚೌತಿಗೆ ಆ ಮೇಜಿನ ಮೇಲೆ ಬೆಡ್‌ಶೀಟ್ ಇತ್ತು.

"ಅಮ್ಮನ ಸೀರೆ ಎಲ್ಲಿತ್?"

"ತೀರ್ಹೋದರ್ ಸೀರೆ ಮನೆಯಗೆ ಇಡುಕಾಗ ಅಂದ್ರ್ ಅಜ್ಜಿ. ಹೊಳಿಗ್ ಬಿಟ್ಟೆ" ಎಂದಳು ಚಿಕ್ಕಮ್ಮ, ನನ್ನ ಮುಖ ನೋಡದೆ.

ನಾನು ನಂಬಲಿಲ್ಲ. ತಾನೇ ಇಟ್ಟುಕೊಂಡಿದ್ದಾಳೆಂದು ಅವಳ ಟ್ರಂಕು ಕೆದಕಿದೆ. ನನಗೆ ಹೊದೆಯಲು ಅವಳು ಈ ಗೋದಡಿ ಹೊಲಿಯುವಾಗಲೂ ಚಿಂದಿಗಳಲ್ಲಿ ಹಸಿರು ಹುಡುಕುತ್ತಿದ್ದೆ.

"ಹ್ವಾಯ್ ಪೊಲೀಸ್ರೆ, ಸೂಜಿಗ್ ನೂಲಾರೂ ಹಾಕಿ ಕೊಡಿ" ಎಂದು ನಗುತ್ತಿದ್ದಳು.

ಈಗ ಚಿಕ್ಕಮ್ಮನೂ ಇಲ್ಲ. ಇವತ್ತು ಗೋದಡಿಯ ಹರಿದ ಮೂಲೆಯಲ್ಲಿ ಹಸಿರು ಇಣುಕಿತು. ಹೊಲಿಗೆ ಬಿಚ್ಚಿದೆ. ಒಳಗೆ ಅಮ್ಮನ ಸೀರೆ, ಎಲ್ಲೂ ಕತ್ತರಿ ತಾಗದೆ, ಇಡಿಯಾಗಿತ್ತು.

ಬಿಚ್ಚಿದ್ದನ್ನು ಮತ್ತೆ ಹೊಲಿದೆ.