ಮುಖ ತಿರುಗಿಸಿದ ಹಕಾರ

ನನ್ನ ಮೊಮ್ಮಗಳು ಅಚ್ಚೊತ್ತಿದ ಮುಯ್ಯಿ ಕವರುಗಳನ್ನು ಬಂಗಾರಪೇಟೆಯ ಅಂಗಡಿಯವರು ಇವತ್ತು ಒಪ್ಪಿಕೊಂಡರು. ಮಾರಿಕುಪ್ಪಂ ರೈಲಿನಲ್ಲಿ ವಾಪಸ್ ಬರುವಾಗ ಪಕ್ಕ ಕೂತವರಿಗೆಲ್ಲ ಹೇಳಿದ್ದಾಯಿತು; ಇನ್ನು ನಿಮಗೆ.

ಹುಡುಗಿ ರಬ್ಬರ್ ಕೊರೆದು ಅಚ್ಚು ಮಾಡುತ್ತಾಳೆ. ಒಂದೇ ಅಚ್ಚಿಗೆ ಹಳದಿ, ಕಿತ್ತಳೆ, ಕೆಂಪು ತಟ್ಟಿ ಒತ್ತಿದರೆ ಕಾಗದದ ಮೇಲೆ ಚೆಂಡುಹೂವು ಅರಳುತ್ತದೆ. ಅದರ ಕೆಳಗೆ 'ಶುಭ ವಿವಾಹ'. ಒಂದು ತಪ್ಪು ಕಂಡರೂ ಬೇಡ ಎಂದಿದ್ದರು ಅಂಗಡಿಯವರು.

ಮೊದಲ ಕವರನ್ನು ಡಿಗ್ರಿ ಓದಿದ ನನ್ನ ಮಗ ಕನ್ನಡಕ ಹಾಕಿಕೊಂಡು ನೋಡಿ ಸೊಗಸಾಗಿದೆ ಎಂದ. ಟೀಚರ್ ಸೊಸೆಯೂ ತಲೆಯಾಡಿಸಿದಳು. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು, "ಕೊನೇ ಅಕ್ಸರ ಯಾಕೆ ಮಕ ತಿರುಗಿಸ್ಕೊಂಡು ನಿಂತದೆ?" ಎಂದೆ.

"ನಿನ್ನ ಬಾಯಲ್ಲೇ ಬರಲ್ಲ ಆ ಅಕ್ಷರ, ಕಣ್ಣಿಗೆ ಕಾಣ್ತದಾ ಅವ್ವಾ?" ಎಂದು ಮಗ ನಕ್ಕ.

ನಿಜ, ನಾನು ಹೂವನ್ನು ಊವು ಎನ್ನುವವಳು. ಆದರೆ ಓದು ಬಂದವರು ಪದವನ್ನು ಒಂದೇ ಗುಕ್ಕಿಗೆ ನುಂಗುತ್ತಾರೆ. ನಾನು ಒಂದೊಂದೇ ಅಕ್ಷರದ ಮುಖ ನೋಡಿಕೊಂಡು ಹೋಗಬೇಕು. ಅಚ್ಚಿನಲ್ಲಿ ಎಲ್ಲ ಅಕ್ಷರಗಳನ್ನೂ ಕನ್ನಡಿಯಲ್ಲಿ ಕಾಣುವ ಹಾಗೆ ತಿರುಗಿಸಿ ಕೊರೆದ ಹುಡುಗಿ, ಹಕಾರವೊಂದನ್ನು ಮರೆತು ನೆಟ್ಟಗೆ ಕೊರೆದಿದ್ದಳು. ಆ ಅಚ್ಚು ಬಿಸಾಕಿ ಹೊಸದು ಕೊರೆದಳು.

ಇವತ್ತು ಸಂಜೆ ಎಲ್ಲರೂ ಮುದ್ದೆ, ಹುರುಳಿ ಸಾರಿಗೆ ಕೂತಾಗ ಮೊಮ್ಮಗಳು ಮುಂದಿನ ಅಚ್ಚು ಒತ್ತಿ ನೋಡಿದ ಕಾಗದವನ್ನು ಅವರಪ್ಪನನ್ನು ದಾಟಿಸಿ ನನ್ನ ಕೈಗೆ ಕೊಟ್ಟಳು.

"ಉಂಡಾದ್ಮೇಲೆ ನೋಡ್ತೀನಿ ಕಣಮ್ಮ. ನಿಮ್ಮಪ್ಪಂಗೆ ಇನ್ನೊಂದು ಮುದ್ದೆ ಆಕು, ಓದಿ ಓದಿ ಸುಸ್ತಾಗವ್ನೆ."

ಮಗನೂ ನಗುತ್ತಲೇ ಉಂಡ.