ಎಲ್ಲರೂ ಆರಾಮ

ನಮ್ಮ ಕಡೆ ಜ್ವರದಲ್ಲಿ ಮಲಗಿದವನನ್ನು ಕೇಳಿದರೂ "ಆರಾಮ ಅದೀನ್ರಿ" ಅನ್ನುತ್ತಾನೆ. ಹಾಗನ್ನದಿದ್ದರೆ ಮರ್ಯಾದೆ ಅಲ್ಲ.

ದಾಂಡೇಲಿಯಲ್ಲಿ ಒಂದು ಸಂಸ್ಥೆಯವರು ಬಾಡಿಗೆ ಕೋಣೆ, ನಮ್ಮ ಮಾತಿನಲ್ಲಿ ಕೋಲಿ, ಹಿಡಿದು ಭಾನುವಾರ ಮಧ್ಯಾಹ್ನ ಹರೆಯದ ಹುಡುಗ ಹುಡುಗಿಯರನ್ನು ಕೂಡಿಸಿ ಮನಸ್ಸಿನ ಮಾತು ಆಡಿಸುತ್ತಿದ್ದರು. ಅದರಿಂದ ಏನಾದರೂ ಉಪಯೋಗವಿದೆಯೇ ಎಂದು ಹಳಿಯಾಳದಿಂದ ಹೋಗಿ ಮನೆಮನೆ ವಿಚಾರಿಸುವ ಕೆಲಸ ನನ್ನದು. ಕೇಳುವ ಪ್ರಶ್ನೆಯನ್ನು ಆ ಸಂಸ್ಥೆಗೆ ದುಡ್ಡು ಕೊಡುವ ಧಾರವಾಡದ ಕಚೇರಿಯ ನಮ್ಮ ಸಾಹೇಬರೇ ಗೊತ್ತು ಮಾಡಿದ್ದರು: "ಮನಸ್ಸು ಆರಾಮ ಐತೇನು?" ಬೇಡ್ರೀ, ಬೇರೆ ಏನಾದರೂ ಕೇಳೋಣ ಅಂದೆ. ಯಾರು ಕೇಳಬೇಕು ನನ್ನ ಮಾತು! ಹುಡುಗರು ಅಲ್ಲಿಗೆ ಹೋಗಲು ಶುರು ಮಾಡುವ ಮುನ್ನ ಕೇಳಿದಾಗ ಎಲ್ಲರೂ ಆರಾಮ ಅಂದರು.

ವರ್ಷ ಬಿಟ್ಟು ಅದೇ ಮನೆಗಳಿಗೆ ಹೋದೆ. ಮಿಲ್ಲಿನ ಕೆಲಸಗಾರರೊಬ್ಬರ ಮಗಳು, ಪಿಯುಸಿ ಮುಗಿಸಿ ಮನೆಯಲ್ಲಿದ್ದವಳು, ಮೊದಲ ಸಲ ತಲೆಯೆತ್ತದೆ "ಆರಾಮ್ರಿ" ಅಂದಿದ್ದಳು. ಈ ಸಲ ಮುಖ ನೋಡಿಯೇ ಹೇಳಿದಳು.

"ಇಲ್ರೀ ಅಕ್ಕಾ. ನಿದ್ದಿ ಹತ್ತೂದಿಲ್ಲ. ಮುಂಜಾನೆ ಏಳಬೇಕಂದ್ರ ಅಳು ಬರ್ತೈತಿ. ಆ ಕೋಲ್ಯಾಗ ಹೇಳ್ಕೊಂಡ ದಿನ ಅಷ್ಟ ಮನಸ್ಸು ಹಗುರ ಅನಸ್ತೈತಿ."

ಬೇರೆ ಮನೆಗಳಲ್ಲೂ ಇಂಥವೇ ಮಾತು. ಕೇಳಿ ಸಾಹೇಬರು ಹೌಹಾರಿದರು.

"ಮೊದಲ ಎಲ್ಲಾರೂ ಆರಾಮ ಇದ್ರು. ಮಾತಾಡಿಸಿ ಮಾತಾಡಿಸಿ ಹುಡುಗೂರ ತಲಿ ಕೆಡಿಸ್ಯಾರ. ಬಂದ್ ಮಾಡ್ರಿ ಅಂತ ಹೇಳೂಣು."

ನನಗೆ ಸಿಟ್ಟು ನೆತ್ತಿಗೇರಿತು. "ಅಲ್ರೀ ಸಾಹೇಬ್ರ, ಡಾಕ್ಟರಿಗೆ ಹೇಳಿದ ಮ್ಯಾಲೆ ಹೊಟ್ಟಿನೋವು ಶುರು ಆಗತೈತೇನು? ಬರ್ರಿ, ನೀವ ಬಂದು ಕೇಳ್ರಿ" ಎಂದು ಆ ಹುಡುಗಿಯ ಮನೆಗೇ ಕರೆದುಕೊಂಡು ಹೋದೆ. ಕೋಣೆ ಮುಚ್ಚಿದರೆ ಆಕೆಗೆ ಬಾಯಿಬಿಟ್ಟು ಅಳಲು ಬೇರೆ ಜಾಗವಿರಲಿಲ್ಲ.

ಹುಡುಗಿಯ ಅವ್ವ ಚಹಾ ತಂದಿಟ್ಟರು. "ಮೊದಲ ಆರಾಮ ಇದ್ಲರಿ. ಅಲ್ಲಿ ಹೋಗಾಕ ಹತ್ತಿದ ಮ್ಯಾಲೆ ಹಿಂಗ ಅಂತಾಳ."

ಸಾಹೇಬರು 'ನೋಡಿದ್ರಾ?' ಎಂಬಂತೆ ನನ್ನತ್ತ ತಿರುಗಿದರು. ಅಯ್ಯ ಶಿವನೇ, ನಾನೇ ಕರೆತಂದು ಕೆಲಸ ಕೆಡಿಸಿದೆನಲ್ಲ!

ಹುಡುಗಿ ಬಾಗಿಲಿಗೆ ಒರಗಿ ನಿಂತಿದ್ದಳು. "ಮೊದಲೂ ಆರಾಮ ಇರಲಿಲ್ಲವ್ವಾ" ಅಂದಳು.

"ಮತ್ತ ನನಗ್ಯಾಕ ಹೇಳಲಿಲ್ಲ?"

"ಹೆಂಗ ಹೇಳಬೇಕು? ನೀನೂ ಅಡಗಿಮನ್ಯಾಗ ಅತ್ತು, ಕಣ್ಣ ಒರಸ್ಕೊಂಡು ಹೊರಗ ಬಂದು, ಕೇಳಿದವರಿಗೆಲ್ಲಾ ಆರಾಮ ಅಂತಿದ್ದಿ."

ಅವ್ವ ಸೆರಗು ಬಾಯಿಗೆ ಒತ್ತಿಕೊಂಡರು. ಚಹಾ ಹಾಗೇ ಆರಿತು. ಸಾಹೇಬರು ನೆಲ ನೋಡುತ್ತಾ, "ಕೋಲಿ ಇರಲಿ ಬಿಡ್ರಿ" ಎಂದರು ನನಗೆ. ನನ್ನ ಕಣ್ಣೂ ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ.

ಚಪ್ಪಲಿ ಮೆಟ್ಟುವಾಗ ಸಾಹೇಬರಿಗೆ ರೂಢಿ ಬಿಡಲಿಲ್ಲ. "ಬರ್ತೇವ್ರಿ. ನೀವು ಆರಾಮ ಅದೀರಲ್ಲಾ?" ಎಂದರು.

ಅವ್ವ "ಆರಾ..." ಎಂದು ಅರ್ಧಕ್ಕೇ ನಿಲ್ಲಿಸಿದರು. ಆಮೇಲೆ ನನ್ನ ಕೈ ಹಿಡಿದು ಕೇಳಿದರು:

"ಆ ಕೋಲ್ಯಾಗ ನಮ್ಮಂಥಾ ದೊಡ್ಡವರನ್ನೂ ಕುಂಡ್ರಸ್ಕೋತಾರೇನ್ರಿ?"